ಹದಿನಾರು ಖಾಲಿ ಪುಟ

ಆ ಮನೆಯ ಎಲ್ಲ ಜಗಳಕ್ಕೂ ಮೂಲ ಜಾಗ. ಇದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ. ಅಷ್ಟರಲ್ಲೇ ನಾಲ್ಕು ಜನ, ಒಂದು ಇಸ್ತ್ರಿ ಮೇಜು, ಸಾಲದ್ದಕ್ಕೆ ಬೀದಿಯವರ ಬಟ್ಟೆಯ ಗಂಟುಗಳು. ಅತ್ತೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು, ಎಂಟು ವರ್ಷದ ಹಿಂದೆ ನಿವೃತ್ತಳಾಗಿ ಮನೆಗೆ ಬಂದವಳು. ಬಂದ ಮೂರನೇ ದಿನಕ್ಕೇ ಕೈ ಕಟ್ಟಿ ಕೂರಲಾಗದೆ ಇಸ್ತ್ರಿಪೆಟ್ಟಿಗೆ ಹಿಡಿದಳು. ಇಸ್ತ್ರಿಪೆಟ್ಟಿಗೆಗಿಂತ ಅವಳ ಬಾಯೇ ಬಿಸಿ ಎಂದು ಬೀದಿಯಲ್ಲಿ ಆಡಿಕೊಳ್ಳುತ್ತಿದ್ದರು. ಆದರೂ ಬಟ್ಟೆ ತಂದು ಹಾಕುವುದನ್ನು ಮಾತ್ರ ಯಾರೂ ಬಿಟ್ಟಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಹೋಟೆಲಿನವರ ಪರದೆಗಳ ಗಂಟು ಬಂತು, ಆನೆಮರಿಯಷ್ಟು. ಇಡಲು ಜಾಗವಿಲ್ಲ. ಅತ್ತೆ ಮಂಚದಡಿ ಕೈ ಹಾಕಿ ಸೊಸೆಯ ತಗಡಿನ ಟ್ರಂಕನ್ನು ದರದರ ಎಳೆದಳು.

"ಏನಿದೆಯೇ ಇದರಲ್ಲಿ? ಕಲ್ಲು ತುಂಬಿಟ್ಟಿದೀಯಾ?"

"ಪುಸ್ತಕ, ಅತ್ತೆ," ಎಂದಳು ಸೊಸೆ ಅಡುಗೆಮನೆಯಿಂದ. ಅವಳು ಈರುಳ್ಳಿ ಹುರಿಯುತ್ತಿದ್ದಳು.

"ಪುಸ್ತಕವಂತೆ! ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ. ಹಾಕಾಚೆ ಇದನ್ನ."

ಟ್ರಂಕು ಆಚೆ ಬಂದದ್ದೇ ತಡ, ಸೊಸೆಯ ಮಗಳು ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಹನ್ನೊಂದು ವರ್ಷದವಳು. 'ಯಾಕೆ' ಎಂದು ಕೇಳದೆ ತುತ್ತನ್ನೂ ಬಾಯಿಗಿಡುವವಳಲ್ಲ. ಅದಕ್ಕೇ ಅವಳಪ್ಪ ಅವಳಿಗೆ ಲಾಯರಮ್ಮ ಎಂದು ಹೆಸರಿಟ್ಟಿದ್ದ. ಅವಳು ಎಲ್ಲಕ್ಕಿಂತ ಕೆಳಗೆ ಬಟ್ಟೆ ಸುತ್ತಿಟ್ಟಿದ್ದ ನೀಲಿ ರಟ್ಟಿನ ಪುಸ್ತಕವೊಂದನ್ನು ಹೊರತೆಗೆದಳು.

"ಅಮ್ಮಾ, ಇದಕ್ಕೆ ಹೆಸರೇ ಇಲ್ಲ. 'ನನ್ನ ಕೈಯಲ್ಲಿ ಹುಟ್ಟಿದ ಮೊದಲ ಮಗು' ಅಂತ ಶುರುವಾಗತ್ತೆ. ಯಾರ ಕಥೆ ಇದು? ಇಷ್ಟು ಜೋಪಾನವಾಗಿ ಇಟ್ಟಿದೀಯಲ್ಲ, ನಿನ್ನ ಅಮ್ಮಂದಾ?"

ಈರುಳ್ಳಿ ಸೀದ ವಾಸನೆ ಬಂತು.

"ಹೂಂ," ಎಂದಳು ಸೊಸೆ.

ಆ ಒಂದು ಹೂಂ ಬಾಯಿಂದ ಹೇಗೆ ಜಾರಿತೋ ಅವಳಿಗೇ ತಿಳಿಯಲಿಲ್ಲ. ಲಾಯರಮ್ಮ ಎದ್ದು ಕುಣಿದಳು. ಅಜ್ಜಿಯದೋ ತಾತನದೋ ಬದುಕಿನ ಬಗ್ಗೆ ಬರೆದು ತನ್ನಿ, ಚೆನ್ನಾಗಿ ಬರೆದವರು ತಿಂಗಳ ಕೊನೆಯ ಶನಿವಾರ ಎಲ್ಲರ ಮುಂದೆ ಓದಬೇಕು ಎಂದು ಶಾಲೆಯಲ್ಲಿ ಹೇಳಿದ್ದರು. "ನಂಗೆ ಅಜ್ಜಿ ಸಿಕ್ಕಿದ್ಲು!" ಎಂದು ಕೂಗಿದಳು. ಇಸ್ತ್ರಿ ಮೇಜಿನ ಹತ್ತಿರ ಅತ್ತೆಯ ಕೈ ಗಕ್ಕನೆ ನಿಂತಿತು. ಸೊಸೆಗೆ ಅಮ್ಮನೂ ಇಲ್ಲ, ಅಪ್ಪನೂ ಇಲ್ಲ, ಅನಾಥಾಲಯದ ಬಾಗಿಲಲ್ಲಿ ಸಿಕ್ಕ ಕೂಸು ಅವಳು ಎಂಬುದು ಆ ಮನೆಯಲ್ಲಿ ಮೂವರಿಗೆ ಗೊತ್ತು. ಗೊತ್ತಿಲ್ಲದವಳು ಒಬ್ಬಳೇ. ಅವಳಿಗೆ ಹೇಳಿದ್ದು, ಅಮ್ಮ ಹಾಸ್ಟೆಲಿನಲ್ಲಿ ಬೆಳೆದಳು ಎಂದು.

ಪುಸ್ತಕದ ಕಥೆ ಬೇರೆಯೇ ಇತ್ತು. ಸೊಸೆ ಕೆಲಸಕ್ಕೆ ಹೋಗುತ್ತಿದ್ದುದು ಒಂದು ಬೈಂಡಿಂಗ್ ಮನೆಗೆ. ವಯಸ್ಸಾದವರು ತಮ್ಮ ಬದುಕಿನ ಕಥೆ ಬರೆದು, ಮನೆಮಂದಿಗೆ ಹಂಚಲೆಂದು ಐವತ್ತೋ ನೂರೋ ಪ್ರತಿ ಅಚ್ಚು ಹಾಕಿಸುತ್ತಾರಲ್ಲ, ಅಂಥವೇ ಅಲ್ಲಿಗೆ ಹೆಚ್ಚು ಬರುತ್ತಿದ್ದವು. ದೊಡ್ಡ ಹಾಳೆಯೊಂದನ್ನು ಮಡಚಿದರೆ ಹದಿನಾರು ಪುಟ. ಅದಕ್ಕೊಂದು ಫಾರಂ ಎನ್ನುತ್ತಾರೆ. ಫಾರಂ ಮಡಚುವುದು, ಪುಟ ನೋಡಿ ಜೋಡಿಸುವುದು, ಹೊಲಿಯುವುದು, ಇಷ್ಟೇ ಅವಳ ಕೆಲಸ. ಮೊದಲೆರಡು ವರ್ಷ ಅವಳು ಪುಟದ ಸಂಖ್ಯೆ ಬಿಟ್ಟು ಬೇರೇನೂ ಓದಿದವಳಲ್ಲ. ಒಂದು ಮಧ್ಯಾಹ್ನ ಕಣ್ಣು ಸಂಖ್ಯೆಯಿಂದ ಜಾರಿ ಒಂದು ಸಾಲಿನ ಮೇಲೆ ಬಿತ್ತು. ಯಾವಳೋ ಸೂಲಗಿತ್ತಿ ಬರೆಸಿದ್ದು: 'ಹೆರಿಗೆ ಮಾಡಿಸಿ ನಸುಕಿನಲ್ಲಿ ಮನೆಗೆ ಬರುವಾಗ ಯಾವ ಯಾವ ಮನೆಯಲ್ಲಿ ದೀಪ ಹತ್ತಿದೆ ಎಂದು ಎಣಿಸುತ್ತಿದ್ದೆ. ಪ್ರತಿ ದೀಪದ ಕೆಳಗೂ ನನ್ನ ಕೈಯಲ್ಲಿ ಹುಟ್ಟಿದವರು ಒಬ್ಬರಾದರೂ ಇರುತ್ತಿದ್ದರು.' ತಾನೂ ಯಾರದೋ ಕೈಯಲ್ಲಿ ಹುಟ್ಟಿದವಳೇ ತಾನೆ ಅನ್ನಿಸಿ ಸೊಸೆಗೆ ಮೈ ಜುಮ್ಮೆಂದಿತು. ಸೂಜಿ ಬೆರಳಿಗೆ ಚುಚ್ಚಿದ್ದೂ ಗೊತ್ತಾಗಲಿಲ್ಲ.

ಅಲ್ಲಿಂದ ಅವಳಿಗೆ ಅದೇ ಹುಚ್ಚು. ಮಸಿ ಹತ್ತಿ ಕೆಟ್ಟ ಫಾರಂಗಳು ರದ್ದಿಗೆ ಹೋಗುತ್ತಿದ್ದವು. "ತಗೊಂಡು ಹೋಗಮ್ಮ, ಒಲೆಗಾದ್ರೂ ಆಗತ್ತೆ," ಎಂದಿದ್ದ ಬೈಂಡಿಂಗ್ ಮೇಸ್ತ್ರಿ. ಅವಳು ಒಲೆಗೆ ಹಾಕಲಿಲ್ಲ. ತುಂಬ ಹಿಡಿಸಿದ ಐದು ಫಾರಂ ಆರಿಸಿ, ಪುಟದ ಸಂಖ್ಯೆ ಕೂಡುವಂತೆ ಜೋಡಿಸಿದಳು. ಒಂದರಿಂದ ಹದಿನಾರು ಸೂಲಗಿತ್ತಿ. ಮುಂದಿನ ಹದಿನಾರು ಶಾಲೆಯ ಅಡುಗೆಯವಳು. ಆಮೇಲಿನ ಹದಿನಾರಕ್ಕೆ ಮನಸ್ಸಿಗೆ ಒಪ್ಪುವ ಫಾರಂ ಸಿಗಲೇ ಇಲ್ಲ. ಸಿಕ್ಕಾಗ ಬಿಚ್ಚಿ ಸೇರಿಸಿದರಾಯಿತೆಂದು ಖಾಲಿ ಹಾಳೆ ಹಾಕಿ ಹೊಲಿದಳು. ಅಲ್ಲಿಂದಾಚೆ ದೋಣಿ ನಡೆಸುವವಳು, ಬೇಕರಿಯವಳು, ಕೊನೆಗೆ ಒಬ್ಬ ಗಡಿಯಾರ ರಿಪೇರಿಯವನು. ತೊಂಬತ್ತಾರು ಪುಟಕ್ಕೆ ಐದು ಜನ. ನೆಂಟರು ಎಂದರೆ ಅವಳಿಗೆ ಅವರೇ. ಊಟದ ಬಿಡುವಿನಲ್ಲಿ ಅವರ ಪುಟ ತೆರೆದು ಕೂತರೆ, ಯಾರದೋ ಮನೆಯ ಅಡುಗೆಮನೆಯ ಮೂಲೆಯಲ್ಲಿ ತನಗೂ ಒಂದು ಮಣೆ ಹಾಕಿದ್ದಾರೆ ಅನ್ನಿಸುತ್ತಿತ್ತು.

ಈಗ ಆ ಐದೂ ಜನ ಕೂಡಿ ಒಬ್ಬ ಅಜ್ಜಿಯಾಗಿ ಕೂತಿದ್ದರು.

ಲಾಯರಮ್ಮ ಮಿಠಾಯಿ ಚೀಪುವವಳಂತೆ ದಿನಕ್ಕೆ ನಾಲ್ಕೇ ಪುಟ ಓದುತ್ತಿದ್ದಳು. "ಬೇಗ ಓದಿದ್ರೆ ಅಜ್ಜಿ ಮುಗಿದು ಹೋಗ್ತಾಳೆ," ಎಂಬುದು ಅವಳ ವಾದ. ಸೊಸೆಗೆ ಕೊನೆಯ ಫಾರಂ ನೆನಪಾಯಿತು. ಎಂಬತ್ತೇಳನೇ ಪುಟದಲ್ಲಿ ಗಡಿಯಾರದವನು ತನ್ನ ಮದುವೆಯ ದಿನ ಬೆಳಿಗ್ಗೆ ಕ್ಷೌರದಂಗಡಿಯಲ್ಲಿ ಗಡ್ಡ ಹೆರೆಸಿಕೊಳ್ಳುತ್ತಾನೆ. ಖಾಲಿ ಪುಟ ಕಳೆದು ಅವಳು ಬೆರಳಲ್ಲಿ ಲೆಕ್ಕ ಹಾಕಿದಳು: ಹದಿನೆಂಟು ದಿನ. ಅಷ್ಟರೊಳಗೆ ಮಗಳಿಗೆ ನಿಜ ಹೇಳಬೇಕು.

ಹೇಳುವುದೇನು, ಬಾಯಿ ತೆರೆಯುವುದೂ ಆಗಲಿಲ್ಲ. ತಲೆ ಬಾಚುವಾಗ ಹೇಳೋಣವೆಂದುಕೊಂಡರೆ ಹುಡುಗಿಯೇ ಶುರು ಮಾಡುತ್ತಿದ್ದಳು.

"ಅಮ್ಮಾ, ಇಪ್ಪತ್ತೆರಡನೇ ಪುಟದಲ್ಲಿ ಅಜ್ಜಿಗೆ ನೀರು ಕಂಡ್ರೆ ಭಯ. ಕೆರೆ ಹತ್ತಿರಾನೂ ಹೋಗಲ್ಲ."

"ಹೌದಾ?"

"ನಲವತ್ತೊಂಬತ್ತರಲ್ಲಿ ದೋಣಿ ನಡೆಸ್ತಾಳೆ!"

"ಕಲ್ತಿರಬೇಕು."

"ಆ ಹದಿನಾರು ಖಾಲಿ ಪುಟದಲ್ಲಾ?"

"ಹೂಂ," ಎಂದು ಸೊಸೆ ಜಡೆ ಬಿಗಿದಳು. ಇನ್ನೊಂದು ಹೂಂ. ಸುಳ್ಳು ಒಂದೇ ಮರಿ ಹಾಕಿ ಸುಮ್ಮನಾಗುವ ಪ್ರಾಣಿಯಲ್ಲ.

ಎರಡನೇ ವಾರದ ಸೋಮವಾರ ಲಾಯರಮ್ಮ ಚೀಲ ಬಿಸಾಕಿ ಊಟಕ್ಕೆ ಕೂತಳು. "ನನ್ನದೇ ಆರಿಸಿದ್ರು! ಶನಿವಾರ ಓದ್ಬೇಕು, ಈ ಶನಿವಾರ ಅಲ್ಲ, ಮುಂದಿನದು. ಟೀಚರು ನಂಗೆ, ನಿಮ್ಮಜ್ಜಿ ಎಂಥಾ ಹೆಂಗಸೇ ಅಂದ್ರು!"

"ಭೇಷ್," ಎಂದ ಅವಳಪ್ಪ. ಅವನು ಲಿಫ್ಟ್ ರಿಪೇರಿ ಮಾಡುವವನು. ಊರವರನ್ನೆಲ್ಲ ಮೇಲೆ ಕೆಳಗೆ ಕಳಿಸುವವನು, ಮನೆಯ ಜಗಳದಲ್ಲಿ ಮಾತ್ರ ಎರಡು ಮಹಡಿಯ ನಡುವೆ ಸಿಕ್ಕಿಕೊಂಡು ನಿಲ್ಲುವವನು.

ಅತ್ತೆ ಅನ್ನದ ಪಾತ್ರೆಯನ್ನು ಟಣ್ ಎಂದು ಕುಕ್ಕಿದಳು. "ಎಂಥಾ ಹೆಂಗಸು ಅಂತ ನಂಗೂ ಗೊತ್ತಾಗ್ಬೇಕಿತ್ತು."

"ಅಜ್ಜೀ, ಅವಳು ಒಂದೇ ರಾತ್ರೀಲಿ ಮೂರು ಹೆರಿಗೆ ಮಾಡಿಸಿದಾಳೆ. ನೀನು ಏನ್ ಮಾಡಿದೀಯ?"

"ನಾನೇನ್ ಮಾಡ್ತೀನಿ ತಾಯೀ? ನಿನ್ನ ಚಡ್ಡಿ ಒಗೆದಿದೀನಿ."

ಹುಡುಗಿ ಕಿಲಕಿಲ ನಕ್ಕಳು. ಅತ್ತೆ ನಗಲಿಲ್ಲ. ಮೊಮ್ಮಗಳು ಕೈ ತೊಳೆಯಲು ಎದ್ದು ಹೋದದ್ದೇ, ಸೊಸೆಯ ಕಡೆ ತಿರುಗಿದಳು.

"ನೀನು ಹೇಳ್ತೀಯೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ ಅತ್ತೆ. ಸ್ವಲ್ಪ ದಿನ ಕೊಡಿ."

"ಯಾವಾಗ? ಊರವರ ಮುಂದೆ ಮಾನ ಹರಾಜಾದ ಮೇಲಾ? ರಕ್ತ ಮಾಂಸದ ಅಜ್ಜಿ ಒಬ್ಬಳು ಮನೇಲಿ ಇಸ್ತ್ರಿ ಉಜ್ತಾ ನಿಂತಿದಾಳೆ. ಕಾಗದದ ಅಜ್ಜಿ ತಂದು ಅಟ್ಟಕ್ಕೇರಿಸಿದೀರಿ."

"ಬಿಡಮ್ಮ, ಮಕ್ಕಳಾಟ," ಎಂದ ಮಗ.

"ನೀನು ಸುಮ್ನಿರೋ! ನೀನು ಮಾತಾಡಿದ್ದು ನಾನು ಕೊನೇ ಸಲ ಕೇಳಿದ್ದು ನಿನ್ನ ಮದುವೇಲಿ."

ಸೊಸೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅತ್ತೆಗೆ ಸಿಟ್ಟು ಸುಳ್ಳಿನ ಮೇಲೆ ಎಂದೇ ಅವಳು ತಿಳಿದಿದ್ದಳು. ಈ ಮನೆಯಲ್ಲಿ ತಾನು ಹೇಳಿ ಕೇಳಿ ಒಂದು ಟ್ರಂಕಿನ ಜೊತೆ ಬಂದವಳು. ಅನಾಥಾಲಯದ ವಾರ್ಡನ್ ಯಾರ ಯಾರನ್ನೋ ಗೋಗರೆದು ದಾಟಿಸಿದ ಹೆಣ್ಣು. ಖರ್ಚಿಲ್ಲದೆ ಸಿಗುತ್ತಾಳೆಂದು ಇವರು ಒಪ್ಪಿಕೊಂಡರು. ಹದಿಮೂರು ವರ್ಷದಿಂದ ಇದನ್ನು ಅವಳಿಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಈಗ ಮಗಳ ಕಣ್ಣಿನಲ್ಲೂ ಹಾಗೇ ಆಗಿಬಿಟ್ಟರೆ?

ಮೂರನೇ ವಾರದ ಮಂಗಳವಾರ, ಹೊಟ್ಟೆನೋವೆಂದು ಸುಳ್ಳು ಹೇಳಿ ಮಧ್ಯಾಹ್ನವೇ ಮನೆಗೆ ಬಂದಳು. ಅತ್ತೆ ಬಟ್ಟೆ ಕೊಡಲು ಹೋಗಿದ್ದಳು. ಸೊಸೆ ಸೊಂಟದ ಚೀಲದಿಂದ ಬೈಂಡಿಂಗ್ ಚಾಕು ತೆಗೆದು, ನೀಲಿ ಪುಸ್ತಕವನ್ನು ಎಂಬತ್ತೊಂದನೇ ಪುಟದ ಹತ್ತಿರ ಬಗ್ಗಿಸಿ ಹಿಡಿದಳು. ದಾರ ಕತ್ತರಿಸಿದರೆ ಆ ಫಾರಂ ಕೈಗೆ ಬರುತ್ತದೆ; ಅಜ್ಜಿ ಎಂಬತ್ತಕ್ಕೇ ಮುಗಿಯುತ್ತಾಳೆ. ಅರೆ ನಿಮಿಷದ ಕೆಲಸ. ಕತ್ತರಿಸುವ ಮೊದಲು ಒಂದು ಸಲ ಓದೋಣ ಎಂದುಕೊಂಡದ್ದೇ ತಪ್ಪಾಯಿತು.

'ಕ್ಷೌರದಂಗಡಿಯ ಕನ್ನಡಿಯಲ್ಲಿ ನನ್ನ ಹಿಂದೆ ಬೀದಿಯೆಲ್ಲ ಕಾಣುತ್ತಿತ್ತು. ಹಾಲಿನವಳು, ನಾಯಿ, ಸೈಕಲ್ಲು. ಇವರಲ್ಲಿ ಯಾರಿಗೂ ಇವತ್ತು ನನ್ನ ಮದುವೆಯೆಂದು ಗೊತ್ತಿಲ್ಲ. ಗೊತ್ತಿಲ್ಲದೆಯೇ ಎಲ್ಲರೂ ಎಷ್ಟು ಚೆನ್ನಾಗಿ ನಡೆಯುತ್ತಿದ್ದಾರೆ ಅನ್ನಿಸಿತು.'

ಅವಳು ಅದನ್ನು ಎಷ್ಟು ಸಲ ಓದಿದ್ದಳೋ. ಈ ಮುದುಕನನ್ನು ಹೇಗೆ ಕತ್ತರಿಸುವುದು? ಚಾಕು ಮಡಚಿ, ಪುಸ್ತಕ ಇದ್ದಲ್ಲೇ ಇಟ್ಟು, ಮುಖ ತೊಳೆದುಕೊಂಡು ಬೇಳೆ ಆರಿಸಲು ಕೂತಳು.

ಬುಧವಾರ ಸಂಜೆ ಊಟದ ಹೊತ್ತಿಗೆ ಲಾಯರಮ್ಮ ಪುಸ್ತಕ ಹಿಡಿದೇ ಬಂದಳು. ಮುಖ ಗಂಟಾಗಿತ್ತು.

"ಒಂದು ಪ್ರಶ್ನೆ."

"ಊಟ ಮಾಡ್ತಾ ಕೇಳು," ಎಂದ ಅಪ್ಪ.

"ಅಜ್ಜಿ ಮದುವೆ ದಿನ ಬೆಳಿಗ್ಗೆ ಗಡ್ಡ ಹೆರೆಸಿಕೊಳ್ಳೋಕೆ ಹೋಗ್ತಾಳೆ. ಯಾಕೆ?"

ಅಪ್ಪನ ಬಾಯಲ್ಲಿದ್ದ ಅನ್ನ ನೆತ್ತಿಗೇರಿತು. ಅತ್ತೆ ಒಂದು ಗಳಿಗೆ ತಡೆದುಕೊಂಡಳು. ಆಮೇಲೆ ಆಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗನ ಬೆನ್ನಿಗೆ ಗುದ್ದುತ್ತ ನಕ್ಕಳು. ಸೊಸೆಗೂ ನಗು ಬಂತು. ಬಂದ ನಗು ಅರ್ಧಕ್ಕೇ ಅಳುವಾಯಿತು.

"ಅದು ನಮ್ಮಮ್ಮನ ಕಥೆ ಅಲ್ಲ ಕಣೇ," ಎಂದಳು. "ಐದು ಜನರದ್ದು. ಅವರು ಯಾರೋ ನಂಗೂ ಗೊತ್ತಿಲ್ಲ. ರದ್ದಿ ಫಾರಂ ಸೇರಿಸಿ ನಾನೇ ಹೊಲಿದಿದ್ದು. ನಂಗೆ ಅಮ್ಮ ಇಲ್ಲ. ಎಲ್ಲಾದ್ರೂ ಇದಾಳೋ ಇಲ್ವೋ ಅದೂ ಗೊತ್ತಿಲ್ಲ. ಹಾಸ್ಟೆಲ್ ಅಲ್ಲ ಅದು, ಅನಾಥಾಲಯ."

ಹುಡುಗಿ ತಟ್ಟೆ ಸರಿಸಿದಳು. "ಮತ್ತೆ ಹೂಂ ಅಂದೆ?"

"ಅಂದುಬಿಟ್ಟೆ."

"ಎರಡು ಸಲ ಅಂದೆ! ನಾನು ಎಲ್ಲರಿಗೂ ಹೇಳಿದೀನಿ. ಟೀಚರಿಗೆ ಹೇಳಿದೀನಿ. ನಿಂಗೆ ಯಾರೂ ಇಲ್ಲ ಅಂದಿದ್ರೆ ನಾನೇನು ನಿನ್ನ ತಿಂದುಬಿಡ್ತಿದ್ನಾ?"

"ಹೇಳೋಕೆ ನಾಚಿಕೆ ಆಯ್ತು. ನೀನು ಅಜ್ಜಿ ಸಿಕ್ಕಿದ್ಲು ಅಂತ ಕುಣಿದ್ಯಲ್ಲ. ಅವರನ್ನ ಓದುವಾಗ ನಂಗೂ ಹಾಗೇ ಆಗತ್ತೆ ಕಣೇ. ನಂಗೂ ಯಾರೋ ಸಿಕ್ಕಿದ್ರು ಅಂತ."

"ಸುಳ್ಳಿ!" ಎಂದು ಕೂಗಿ ಲಾಯರಮ್ಮ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತೆಯ ನಗು ಅಷ್ಟು ಹೊತ್ತಿಗೆ ಆರಿಹೋಗಿತ್ತು. ಮೊಮ್ಮಗಳು ಬಿಟ್ಟ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿಟ್ಟಳು.

ಗುರುವಾರ ಲಾಯರಮ್ಮ ಟೀಚರಿಗೆ ನಿಜ ಹೇಳಿ ಬಂದಳಂತೆ. ಪಟ್ಟಿಯಲ್ಲಿ ಹೆಸರು ಹಾಕಿ ಆಗಿದೆ, ಬೇರೆ ಬರೆದುಕೊಂಡು ಬಾ ಎಂದರಂತೆ. ಇದನ್ನೂ ಸೊಸೆಗೆ ಗಂಡನೇ ಹೇಳಬೇಕಾಯಿತು. ಮಗಳು ಅವಳ ಜೊತೆ ಮಾತು ಬಿಟ್ಟಿದ್ದಳು. ಜಡೆಯನ್ನೂ ತಾನೇ ಹಾಕಿಕೊಂಡಳು, ಸೊಟ್ಟಪಟ್ಟ. ಬೈಂಡಿಂಗ್ ಮನೆಯಲ್ಲಿ ತುರ್ತು ಕೆಲಸವಿತ್ತು. ಸೊಸೆ ಎರಡು ಸಂಜೆಯೂ ತಡವಾಗಿ ಬಂದಳು. ಬಾಗಿಲ ಹತ್ತಿರ ಬಂದರೆ ಒಳಗೆ ಗುಸುಗುಸು, ಅವಳು ಚಪ್ಪಲಿ ಬಿಟ್ಟರೆ ಗಪ್ಚಿಪ್. ಅತ್ತೆ ಪರದೆ ಇಸ್ತ್ರಿ ಮಾಡುತ್ತಿರುತ್ತಾಳೆ, ಹುಡುಗಿ ಮೇಜಿನಡಿ ಏನನ್ನೋ ಬಚ್ಚಿಡುತ್ತಾಳೆ. ಟ್ರಂಕಿನಲ್ಲಿ ನೀಲಿ ಪುಸ್ತಕ ಇರಲಿಲ್ಲ. ಒಲೆಗೆ ಹಾಕಿದರೇನೋ ಎಂದುಕೊಂಡಳು. ಕೇಳಲು ಧೈರ್ಯ ಸಾಲಲಿಲ್ಲ.

"ನನ್ನ ಮೇಲೆ ಏನಂತೆ?" ಎಂದು ಗಂಡನನ್ನು ಕೇಳಿದಳು.

"ನಂಗೇನ್ ಗೊತ್ತು? ನನ್ನನ್ನ ಅಂಗಡಿಗೆ ಓಡಿಸ್ತಾರೆ. ಎರಡು ದಿನದಲ್ಲಿ ನಾಲ್ಕು ಸಲ ಸಕ್ಕರೆ ತಂದಿದೀನಿ."

ಶನಿವಾರ ಬೆಳಿಗ್ಗೆ ಶಾಲೆಯ ಸಭಾಂಗಣದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಅಪ್ಪ ಅಮ್ಮಂದಿರು, ಅಜ್ಜ ಅಜ್ಜಿಯರು ಕಿಕ್ಕಿರಿದಿದ್ದರು. ಗಂಡನಿಗೆ ಎಲ್ಲಿಯದೋ ಲಿಫ್ಟ್ ಕೆಟ್ಟಿತ್ತು. ಅತ್ತೆ ಸೊಸೆ ಇಬ್ಬರೇ ಮೂರನೇ ಸಾಲಿನಲ್ಲಿ ಕೂತಿದ್ದರು. ಮೂರು ಮಕ್ಕಳಾದ ಮೇಲೆ ಲಾಯರಮ್ಮನ ಹೆಸರು ಕೂಗಿದರು. ಅವಳು ವೇದಿಕೆ ಹತ್ತಿದಳು. ಕೈಯಲ್ಲಿ ನೀಲಿ ಪುಸ್ತಕ!

ಸೊಸೆ ಕುರ್ಚಿಯ ಅಂಚಿಗೆ ಬಂದಳು. ಅದನ್ನೇ ಓದುತ್ತಾಳೋ, ಇಲ್ಲ, ನಮ್ಮಮ್ಮ ಹೇಳಿದ ಸುಳ್ಳು ನೋಡಿ ಎಂದು ಎತ್ತಿ ತೋರಿಸುತ್ತಾಳೋ? ಎದ್ದು ಹೋಗೋಣವೆಂದರೆ ಅತ್ತೆ ಅವಳ ಮೊಣಕೈ ಹಿಡಿದು ಕೂರಿಸಿದಳು.

ಹುಡುಗಿ ಪುಸ್ತಕವನ್ನು ಸರಿಯಾಗಿ ನಡುವೆ, ಖಾಲಿ ಹಾಳೆಗಳಿದ್ದಲ್ಲಿ ತೆರೆದಳು. ಅವು ಖಾಲಿ ಇರಲಿಲ್ಲ. ಮೂರನೇ ಸಾಲಿನಿಂದಲೂ ಅವಳ ದಪ್ಪ ಅಕ್ಷರ ಕಾಣುತ್ತಿತ್ತು.

"ಇದು ನಮ್ಮಜ್ಜಿ ಹೇಳಿದ್ದು, ನಾನು ಬರೆದುಕೊಂಡಿದ್ದು," ಎಂದು ಶುರು ಮಾಡಿದಳು. "'ನನ್ನ ಗಂಡ ಸತ್ತಾಗ ನನಗೆ ಇಪ್ಪತ್ತೊಂಬತ್ತು. ಆಸ್ಪತ್ರೆ ಲಾಂಡ್ರಿಗೆ ಸೇರಿದೆ. ಮೊದಲನೇ ದಿನ ರಕ್ತದ ಕಲೆ ನೋಡಿ ಅಳು ಬಂತು. ಎರಡನೇ ದಿನ ಸೋಪಿನ ಪುಡಿ ಜಾಸ್ತಿ ಹಾಕಿದೆ. ಮೂರನೇ ದಿನ ಮೇಲಿನವಳ ಜೊತೆ ಜಗಳ ಆಡಿದೆ. ಆಮೇಲೆ ಎಲ್ಲ ಸರಿ ಹೋಯಿತು.'"

ಸಭೆ ನಕ್ಕಿತು. ಅತ್ತೆ ಸೆಟೆದು ಕೂತಳು. ಹುಡುಗಿ ಓದುತ್ತ ಹೋದಳು: ಬಾಯ್ಲರು ಒಡೆದದ್ದು, ಸತ್ತವರ ಹೊದಿಕೆಯನ್ನು ಬೇರೆಯಾಗಿ ಒಗೆಯುತ್ತಿದ್ದುದು, ಮಗನನ್ನು ಬಟ್ಟೆಬುಟ್ಟಿಯಲ್ಲಿ ಮಲಗಿಸಿಕೊಂಡು ದುಡಿದದ್ದು. ಹದಿಮೂರು ವರ್ಷ ಎದುರು ಬದುರು ಕೂತು ಉಂಡವರು. ಸೊಸೆಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ. ಊರವರ ಬದುಕನ್ನೆಲ್ಲ ಮಡಚಿ ಹೊಲಿದವಳು, ಮನೆಯಲ್ಲಿದ್ದವಳನ್ನು ಒಂದು ದಿನವೂ ಕೇಳಲಿಲ್ಲವಲ್ಲ ಎಂದು ನಾಚಿಕೆಯಾಯಿತು. 'ಕಾಗದದ ಅಜ್ಜಿ' ಎಂದು ಅತ್ತೆ ಸಿಡುಕಿದ್ದು ಸುಳ್ಳಿನ ಮೇಲಿನ ಸಿಟ್ಟಿಗಲ್ಲ, ತನ್ನ ಕಥೆ ಯಾರಿಗೂ ಬೇಡವಾಯಿತಲ್ಲ ಎಂಬ ನೋವಿಗೆ ಎಂದು ಈಗ ಅರ್ಥವಾಯಿತು.

"'ಮಂಗಳವಾರ ಅನಾಥಾಲಯದ ಹುಡುಗಿಯರು ಬೆಡ್‌ಶೀಟ್ ಮಡಚಲು ಬರುತ್ತಿದ್ದರು,'" ಎಂದು ಲಾಯರಮ್ಮ ಪುಟ ಮಗುಚಿದಳು. "'ಎಲ್ಲರೂ ಕೆಲಸ ಮುಗಿಸಲು ಮಡಚುತ್ತಿದ್ದರು. ಒಬ್ಬಳು ಮಾತ್ರ ಮೂಲೆಗೆ ಮೂಲೆ ಕೂಡಿಸಿ, ಅಂಗೈಯಲ್ಲಿ ಸವರಿ ಇಡುತ್ತಿದ್ದಳು. ಇದರ ಮೇಲೆ ಯಾರೋ ಮಲಗುತ್ತಾರೆ ಎಂದು ಅವಳೊಬ್ಬಳಿಗೇ ಗೊತ್ತಿದ್ದ ಹಾಗೆ. ನಾನು ನಾಲ್ಕು ತಿಂಗಳು ಸುಮ್ಮನೆ ನೋಡಿದೆ. ಆಮೇಲೆ ವಾರ್ಡನ್ ಹತ್ತಿರ ಹೋಗಿ ಈ ಹುಡುಗಿಯನ್ನು ನನ್ನ ಮಗನಿಗೆ ಕೊಡಿ ಅಂದೆ. ಅವರು, ಓದಿದ ಹುಡುಗಿ, ಇನ್ನೂ ಒಳ್ಳೆಯ ಕಡೆ ನೋಡ್ತೀವಿ ಅಂದರು. ನಾನು ಮೂರು ಸಲ ಹೋಗಿ ಕೇಳಿದೆ. ಮೂರನೇ ಸಲ ಬೇಡಿಕೊಂಡೆ. ನಾನು ಜೀವನದಲ್ಲಿ ಬೇಡಿಕೊಂಡಿದ್ದು ಅದೊಂದೇ ಸಲ. ಅವಳೇ ನನ್ನ ಸೊಸೆ.'"

ಹುಡುಗಿ ತಲೆಯೆತ್ತಿ ಮೂರನೇ ಸಾಲಿನ ಕಡೆ ನೋಡಿದಳು. ಮೂರು ದಿನದ ಮೇಲೆ ಮೊದಲ ಸಲ ಅಮ್ಮನನ್ನು ನೇರ ನೋಡಿದಳು. ಸೊಸೆಗೆ ಅವಳ ಮುಖ ಸರಿಯಾಗಿ ಕಾಣಲಿಲ್ಲ. ಕಣ್ಣು ತುಂಬಿ ವೇದಿಕೆಯೆಲ್ಲ ಕಲಸಿಹೋಗಿತ್ತು. ಸುತ್ತ ಚಪ್ಪಾಳೆ.

ಅತ್ತೆ ತಿರುಗಿ ನೋಡದೆಯೇ ಮಡಿಲಿಗೊಂದು ಕರ್ಚೀಫು ಎಸೆದಳು. "ಒರೆಸ್ಕೋ. ಇಸ್ತ್ರಿ ಮಾಡಿದ್ದು, ಹೆಚ್ಚು ಮುದುಡಿಸಬೇಡ."

"ಅತ್ತೆ, ನೀವು ಯಾಕೆ ಒಂದು ದಿನಾನೂ..."

"ನೀನೇನು ಕೇಳಿದ್ಯಾ?" ಎಂದಳು ಅತ್ತೆ, ಕಣ್ಣು ವೇದಿಕೆಯ ಮೇಲೇ ಇಟ್ಟು. "ನಾಲ್ಕು ತಿಂಗಳಲ್ಲ ಅದು, ಐದು. ಎರಡು ಸಲ ಹೇಳಿದೀನಿ, ನಿನ್ನ ಮಗಳು ಕಿವಿ ಮೇಲೆ ಹಾಕ್ಕೊಂಡಿಲ್ಲ. ಮನೆಗೆ ಹೋದ ತಕ್ಷಣ ತಿದ್ದಿಸು."